ತುತ್ತಿಗೊಂದು ಮಾತು

ಜೂನ್ 3

ಪ್ರೀತಿಯ ಅಮ್ಮ,

ಹೀಗೆ ಕರೆಯಬಹುದಲ್ಲವೇ? ಇವರು ನಿಮ್ಮನ್ನು ಅತ್ತೆ ಎನ್ನುತ್ತಾರೆ, ಬುಗುರಿ ಅಜ್ಜಿ ಎನ್ನುತ್ತಾಳೆ, ನನಗೆ ಅಂತ ಯಾವ ಹೆಸರೂ ಮಿಕ್ಕಿರಲಿಲ್ಲ. ಫೋನಿನಲ್ಲಿ ಮಾತಾಡೋಣವೆಂದರೆ ಹೊಲಿಗೆ ಮಿಷನ್ನಿನ ಸದ್ದಿಗೆ ನಿಮ್ಮ ಕಿವಿ ಮಂದವಾಗಿದೆಯಂತೆ. ಒಳ್ಳೆಯದೇ ಆಯಿತು! ಶಾಲೆಯಲ್ಲಿ ಪ್ರಿನ್ಸಿಪಾಲರಿಗೆ ಇಂಗ್ಲಿಷಿನಲ್ಲಿ ರಜೆ ಚೀಟಿ ಬರೆದದ್ದು ಬಿಟ್ಟರೆ ನಾನು ಯಾರಿಗೂ ಪತ್ರ ಬರೆದವಳಲ್ಲ. ಮದುವೆಯಾಗಿ ಇನ್ನೂ ತಿಂಗಳು ತುಂಬಿಲ್ಲ, ಆಗಲೇ ‘ಇವರು’ ಎಂದು ಬರೆಯುವ ಹೆಂಡತಿಯಾಗಿಬಿಟ್ಟೆ! (ಮನೆಯಲ್ಲಿ ಹೆಸರು ಹಿಡಿದೇ ಕೂಗುತ್ತೇನೆ, ಬೈಯಬೇಡಿ.)

ನಾವು ಸುಖವಾಗಿ ತಲುಪಿದೆವು. ಬುಗುರಿ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಮಲಗಿದ್ದಳು. ಅಮ್ಮ, ಆ ಭಾರ ಎಂಥ ಸುಖದ್ದು! ಕಾಲು ಜೋಮು ಹಿಡಿದರೂ ಅಲುಗಾಡಲಿಲ್ಲ. ಮನೆ ನಾಲ್ಕನೇ ಮಹಡಿಯಲ್ಲಿದೆ. ಲಿಫ್ಟ್ ರಿಪೇರಿ ಮಾಡುವವರ ಮನೆಯ ಲಿಫ್ಟೇ ಕೆಟ್ಟು ನಿಂತಿದೆ ಎಂದು ನಾನು ನಕ್ಕರೆ, ಇವರು, “ನನ್ನ ಮಾನ ತೆಗೀಬೇಡ ಮಾರಾಯ್ತಿ” ಎಂದು ಮಗುವನ್ನು ಹೆಗಲ ಮೇಲೆ ಹೊತ್ತು ಹತ್ತಿದರು. ನಡುಮನೆಗೆ ಬಂದು ಇಳಿಸಿದ್ದೇ ತಡ, ಅವಳು ಗಿರಗಿರ ಸುತ್ತಿ ದೊಪ್ಪನೆ ಕೂತಳು. ನೀವಿಟ್ಟ ಅಡ್ಡಹೆಸರು ಎಷ್ಟು ಸರಿ!

ನನ್ನನ್ನು ಏನೆಂದು ಕರೆಯುತ್ತಾಳೆ ಗೊತ್ತೇ? ಇವರು, “ನೋಡು, ಇವಳು ನಿನ್ನ ಹೊಸ ಅಮ್ಮ” ಎಂದರು. ಅವಳು ಕೊನೆಯ ಎರಡು ಪದಗಳಲ್ಲಿ ಮೊದಲನೆಯದನ್ನು ಮಾತ್ರ ಇಟ್ಟುಕೊಂಡಳು. “ಹೊಸಾ, ನೀರು ಕೊಡು!” “ಹೊಸಾ, ನಂಗೆ ಅಜ್ಜಿ ಮನೆಗೆ ಹೋಗ್ಬೇಕು!” ನಗು ತಡೆಯಲಾಗುವುದಿಲ್ಲ.

ನೀವು ಬಾಗಿಲಲ್ಲಿ ನಿಂತು ಹೇಳಿದ್ದು ನನಗೆ ನೆನಪಿದೆ: “ವರ್ಷದೊಳಗೆ ಮಗು ಒಗ್ಗಲಿಲ್ಲ ಅಂದ್ರೆ ನಂಗೆ ವಾಪಸ್ ಕೊಡ್ಬೇಕು.” ಎಂಟು ತಿಂಗಳ ಕೂಸಾಗಿದ್ದಾಗಿನಿಂದ ಸಾಕಿದವರು ನೀವು, ಹೇಳುವ ಹಕ್ಕಿದೆ. ಆದರೆ ಹಾಗಾಗುವುದಿಲ್ಲ, ನೋಡುತ್ತಿರಿ. ನನ್ನ ರಜೆ ಮುಗಿಯುವುದರೊಳಗೆ ಅವಳಿಗೊಂದು ಒಳ್ಳೆಯ ಡೇಕೇರ್ ಹುಡುಕಬೇಕು. ಊರಿನಲ್ಲೇ ಅತ್ಯುತ್ತಮವಾದದ್ದು!

ನಿಮ್ಮ ಹೊಸ ಮಗಳು

*

ಜೂನ್ 12

ಹುಡುಗೀ,

ಪತ್ರ ಬಂತು. ನನ್ನನ್ನು ಅಮ್ಮ ಎಂದು ಕರೆಯಬೇಡ. ಹಾಗೆ ಕರೆಯುತ್ತಿದ್ದವಳು ಒಬ್ಬಳೇ. ಕೋಪದಿಂದ ಬರೆಯುತ್ತಿಲ್ಲ. ಮಗು ಕರೆಯುವಂತೆ ನೀನೂ ಅಜ್ಜಿ ಎನ್ನು, ಸಾಕು.

ಅವಳಿಗೆ ಬಿಸಿ ಹಾಲು ಆಗದು, ಆರಿಸಿ ಕೊಡು. ಊಟಕ್ಕೆ ಸತಾಯಿಸುತ್ತಾಳೆ. ಬಾಯಿಗೆ ತುತ್ತು ಹಾಕಿಕೊಂಡೇ ಕಥೆ ಹೇಳುತ್ತಾಳೆ, ಅರ್ಧ ನೆಲಕ್ಕೆ, ಅರ್ಧ ನನ್ನ ಬಟ್ಟೆಗೆ. ಗಿರಾಕಿಗಳ ಬಟ್ಟೆಗೂ ಒಮ್ಮೊಮ್ಮೆ. ನಾನು ಮುದ್ದು ಮಾಡಿ ಕೆಡಿಸಿದ್ದೇನೆ. ಸ್ವಲ್ಪ ಶಿಸ್ತು ಕಲಿಸುವವರಿದ್ದರೆ ಒಳ್ಳೆಯದೇ.

ಚಳಿಗೆ ಎರಡು ಫ್ರಾಕು ಹೊಲಿಯಬೇಕೆಂದಿದ್ದೇನೆ. ಮುಂದಿನ ಸಲ ಎದೆ, ಸೊಂಟ, ಉದ್ದದ ಅಳತೆ ಬರೆ.

ಬುಗುರಿಯ ಅಜ್ಜಿ

*

ಜೂನ್ 20

ಪ್ರೀತಿಯ ಅಜ್ಜಿ,

ಸರಿ, ಅಜ್ಜಿಯೇ! ಸ್ವಲ್ಪ ಅಳು ಬಂತು, ಆದರೆ ಇವರು “ಅತ್ತೆ ಕೈ ಸೂಜಿ, ಮನಸ್ಸು ಹತ್ತಿ” ಎಂದು ಸಮಾಧಾನ ಮಾಡಿದರು. ಇವರ ಮಾತೇ ಹಾಗೆ, ಎಲ್ಲದಕ್ಕೂ ಒಂದು ಸ್ಕ್ರೂ ಬಿಗಿ ಮಾಡಿ ಎದ್ದುಬಿಡುತ್ತಾರೆ.

ಈಗ ದೊಡ್ಡ ಸುದ್ದಿ. ಡೇಕೇರ್ ಸಿಕ್ಕಿತು! ನಮ್ಮ ಟ್ರಾವೆಲ್ ಆಫೀಸಿನಲ್ಲಿ ಗಿರಾಕಿಗಳಿಗೆ ಹೋಟೆಲು ಆರಿಸಿಕೊಡುವ ಹಾಗೆಯೇ ಇದನ್ನೂ ಆರಿಸಿದೆ. ಪ್ರತಿಯೊಂದಕ್ಕೂ ಹೋಗಿ, ನೋಡಿ, ಸ್ಟಾರ್ ಕೊಟ್ಟೆ. ಒಂದು ಕಡೆ ಮಕ್ಕಳನ್ನೆಲ್ಲ ಟೀವಿಯ ಮುಂದೆ ಕೂರಿಸಿದ್ದರು: ಸ್ಟಾರೇ ಇಲ್ಲ. ಇನ್ನೊಂದು ಯಾರದೋ ಮನೆ. ಆ ಹೆಂಗಸು ಸೊಂಟದ ಮೇಲೊಂದು ಕೂಸು, ಕಾಲಿಗೆ ಜೋತುಬಿದ್ದದ್ದೊಂದು, ಕೈಯಲ್ಲಿ ಸೌಟು ಹಿಡಿದು ಬಾಗಿಲು ತೆಗೆದಳು. “ಒಳಗೆ ಬನ್ನಿ, ಕಾಲಿಡೋ ಕಡೆ ನೋಡ್ಕೊಂಡು ಬನ್ನಿ, ಈಗಷ್ಟೇ ಒಬ್ಬ ಹಾಲು ಚೆಲ್ಲಿದಾನೆ” ಎಂದಳು. ಮೂಗು ಸೋರುವ ಹುಡುಗನೊಬ್ಬ ನನ್ನ ಚೀಲದ ಜಿಪ್ ತೆಗೆದು ಬಾಚಣಿಗೆ ಹಿಡಿದು ಓಡಿದ. ಬುಗುರಿ ಅವನ ಹಿಂದೆಯೇ ಓಡಿದಳು, ಎಳೆದು ತರಬೇಕಾಯಿತು! ಆ ಗಲಾಟೆಯಲ್ಲಿ ನಾನು ಐದು ನಿಮಿಷ ನಿಲ್ಲಲಾರದೆ ಹೋದೆ.

ಕೊನೆಯದು ಅದ್ಭುತ. ಅಜ್ಜಿ, ನೀವು ನೋಡಬೇಕಿತ್ತು! ಗಾಜಿನ ಬಾಗಿಲು, ಸಾಲಾಗಿ ಪುಟ್ಟ ಕುರ್ಚಿಗಳು, ನೆಲದ ಮೇಲೆ ಒಂದು ಹನಿ ಇಲ್ಲ, ಒಂದು ಸದ್ದಿಲ್ಲ. ಮಕ್ಕಳು ‘ಪ್ಲೀಸ್’, ‘ಥ್ಯಾಂಕ್ ಯೂ’ ಎನ್ನುತ್ತಾರೆ. ಅದನ್ನು ನಡೆಸುವವರನ್ನು ಎಲ್ಲರೂ ದೊಡ್ಡ ಟೀಚರ್ ಎನ್ನುತ್ತಾರೆ. ಇಸ್ತ್ರಿ ಮಾಡಿದ ಬಟ್ಟೆ, ಮೆಲ್ಲಗಿನ ದನಿ. “ನಾವು ಯಾವ ಮಗುವಿಗೂ ಕೈ ಎತ್ತಲ್ಲ ಮೇಡಂ, ದನಿ ಕೂಡ ಎತ್ತಲ್ಲ” ಎಂದರು. ಐದಕ್ಕೆ ಐದು ಸ್ಟಾರ್!

ಮಗುವಿಗೆ ಏನೇನು ಕಲಿಸಬೇಕು ಎಂದು ಅವರೇ ಕೇಳಿದರು. ಅಜ್ಜಿ, ನಿಮಗೆ ಹೇಳಲು ನಾಚಿಕೆಯಾಗುತ್ತದೆ. ‘ಹೊಸಾ’ ಮೊದಮೊದಲು ಮುದ್ದಾಗಿತ್ತು. ಮೊನ್ನೆ ಮೆಟ್ಟಿಲ ಮೇಲೆ ಪಕ್ಕದ ಮನೆಯವರು, “ಹಳೇದಾಗೋವರೆಗೂ ಹೀಗೇ ಕರೀತಾಳೇನೋ!” ಎಂದು ನಕ್ಕರು. ನಾನೂ ನಕ್ಕೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅದಕ್ಕೆ ದೊಡ್ಡ ಟೀಚರಿಗೆ ಹೇಳಿದೆ: ನನ್ನನ್ನು ಅಮ್ಮ ಎಂದು ಕರೆಯುವುದನ್ನು ಕಲಿಸಿ, ಉಳಿದದ್ದೆಲ್ಲ ನಿಧಾನಕ್ಕಾದರೂ ಆದೀತು. “ಅದೆಷ್ಟರ ಕೆಲಸ! ನಿಮ್ಮದೊಂದು ಫೋಟೋ ಕೊಡಿ” ಎಂದರು. ಮದುವೆಯ ದಿನದ್ದೇ ಕೊಟ್ಟೆ.

ನೀವು ತಪ್ಪು ತಿಳಿಯುವುದಿಲ್ಲ ತಾನೆ?

ನಿಮ್ಮ ಹುಡುಗಿ

*

ಜುಲೈ 2

ಹುಡುಗೀ,

ತಪ್ಪು ತಿಳಿಯಲು ಏನಿದೆ? ಮಗುವಿಗೆ ಅಮ್ಮ ಎನ್ನಲು ಯಾರಾದರೂ ಬೇಕು. ನನ್ನ ಮಗಳು ಆ ಮಾತನ್ನು ಕೇಳಿಸಿಕೊಳ್ಳಲು ಉಳಿಯಲಿಲ್ಲ.

ಶುಚಿಯಾಗಿದ್ದರೆ ಒಳ್ಳೆಯ ಜಾಗವೇ. ನನ್ನ ಅಂಗಡಿಯ ನೆಲದಲ್ಲಿ ಸೂಜಿ ಹೆಕ್ಕಿ ಹೆಕ್ಕಿ ಸಾಕಾಗಿತ್ತು. ನಿನಗೆ ಓದು ಇದೆ, ನಾಲ್ಕು ಕಡೆ ನೋಡಿ ಆರಿಸಿದ್ದೀಯ.

ಅಳತೆ ಬರೆಯಲು ಮರೆತಿದ್ದೀಯ.

ಬುಗುರಿಯ ಅಜ್ಜಿ

*

ಜುಲೈ 15

ಅಜ್ಜೀ ಅಜ್ಜೀ ಅಜ್ಜೀ,

ಕರೆದಳು!!

ನಿನ್ನೆ ಸಂಜೆ ಊಟಕ್ಕೆ ಕೂರಿಸಿ ಬ್ರೆಡ್ಡು ಮುರಿದು ಅರೆಬೆಂದ ಮೊಟ್ಟೆಯಲ್ಲಿ ಅದ್ದುತ್ತಿದ್ದೆ. ತಲೆ ಎತ್ತಿ ನನ್ನ ಮುಖ ನೋಡಿ ಸ್ಪಷ್ಟವಾಗಿ “ಅಮ್ಮ” ಎಂದಳು. ನನ್ನ ಕೈಯಲ್ಲಿದ್ದ ತುಂಡು ಬಿದ್ದೇ ಹೋಯಿತು. ತುತ್ತು ಕೊಟ್ಟೆ. ನುಂಗಿ ಮತ್ತೆ “ಅಮ್ಮ.” ಮತ್ತೊಂದು ತುತ್ತು, ಮತ್ತೊಮ್ಮೆ “ಅಮ್ಮ.” ತಟ್ಟೆ ಖಾಲಿಯಾಗುವವರೆಗೂ ಹಾಗೆಯೇ! ನೀರಿನ ಲೋಟಕ್ಕೂ “ಅಮ್ಮ” ಎಂದು ಆಮೇಲೆ ತುಟಿ ಇಟ್ಟಳು. ನಾನು ಅಳುತ್ತಾ ನಗುತ್ತಾ ಇವರನ್ನು ಕೂಗಿದೆ. ಇವರು ಕೈಯಲ್ಲಿ ಗ್ರೀಸು ಮೆತ್ತಿಕೊಂಡೇ ಬಂದು ನಿಂತರು. “ಏನ್ ಮಂತ್ರ ಹಾಕ್ದೆ?” ಎಂದು ನನ್ನ ಮೂಗಿಗೂ ಗ್ರೀಸು ಹಚ್ಚಿದರು.

ಚೆಲ್ಲುವುದೂ ನಿಂತಿದೆ. ಊಟದ ಹೊತ್ತಿನಲ್ಲಿ ಕಥೆ ಹೇಳುವುದೂ ನಿಂತಿದೆ, ಎಷ್ಟು ಗಂಭೀರವಾಗಿ ಕೂರುತ್ತಾಳೆ! ದೊಡ್ಡ ಟೀಚರಿಗೆ ಹೂವಿನ ಗುಚ್ಛ ಕೊಟ್ಟು ಬಂದೆ.

ಅಳತೆ: ಎದೆ ಹತ್ತೊಂಬತ್ತು, ಸೊಂಟ ಹದಿನೆಂಟೂವರೆ, ಉದ್ದ ಹದಿನೇಳು. ಟೇಪು ಹಿಡಿದಾಗ ಒಂದಿಷ್ಟೂ ಅಲುಗಾಡಲಿಲ್ಲ.

ಬುಗುರಿಯ ಅಮ್ಮ
(ಬರೆದೇ ಬಿಟ್ಟೆ!)

*

ಜುಲೈ 24

ಹುಡುಗೀ,

ನಿನ್ನ ಸಂತೋಷ ತಿಳಿಯಿತು.

ಅಳತೆ ತಪ್ಪಾಗಿದೆ. ಇಲ್ಲಿಂದ ಹೊರಡುವ ಮುಂಚೆ ನಾನೇ ಅಳೆದಾಗ ಎದೆ ಇಪ್ಪತ್ತು ಇತ್ತು. ಬೆಳೆಯುವ ಮಗುವಿನ ಅಳತೆ ಹಿಂದಕ್ಕೆ ಹೋಗುವುದಿಲ್ಲ. ನೀನು ಟೇಪನ್ನು ಬಿಗಿಯಾಗಿ ಎಳೆದಿರಬೇಕು. ಒಳಗೆ ಎರಡು ಬೆರಳು ಬಿಟ್ಟು ಇನ್ನೊಮ್ಮೆ ಅಳೆ. ಬಟ್ಟೆ ಕತ್ತರಿಸಿದ ಮೇಲೆ ಸೇರಿಸಲು ಬರುವುದಿಲ್ಲ.

ಇನ್ನೊಂದು. ತುತ್ತು ತುತ್ತಿಗೂ ಏಕೆ ಹೇಳುತ್ತಾಳೆ? ಊಟದ ಹೊತ್ತಿನಲ್ಲಿ ಅವಳ ಬಾಯಿ ಮುಚ್ಚಿಸಲು ನನ್ನ ಕೈಲಿ ಆಗುತ್ತಿರಲಿಲ್ಲ. ಒಂದೇ ಮಾತು ಹೇಳಿ ಬಾಯಿ ತೆರೆಯುವುದೆಂದರೆ ನನಗೆ ಯಾಕೋ ಸರಿ ಕಾಣುತ್ತಿಲ್ಲ. ನಾಳೆ ಅವಳು ಹೇಳುವ ಮೊದಲೇ ಒಂದು ತುತ್ತು ಕೊಟ್ಟು ನೋಡು.

ಬುಗುರಿಯ ಅಜ್ಜಿ

*

ಜುಲೈ 30

ಅಜ್ಜಿ,

ನಿಮ್ಮ ಪತ್ರ ಓದಿ ಬೇಸರವಾಯಿತು. ಅವಳು ಕೊನೆಗೂ ನನ್ನನ್ನು ಅಮ್ಮ ಎಂದಳು, ನಿಮಗೆ ಅದರಲ್ಲೂ ಏನೋ ಕೊಂಕು ಕಂಡಿತು. ಅವಳು ಇಲ್ಲಿ ಒಗ್ಗಬಾರದು ಎಂದೇ ನೀವು ಕಾಯುತ್ತಿದ್ದೀರಿ. ಇದನ್ನು ಬರೆಯಬಾರದಿತ್ತು, ಬರೆದಿದ್ದೇನೆ.

ಎರಡು ಬೆರಳು ಬಿಟ್ಟೇ ಅಳೆದೆ. ಅಷ್ಟೇ ಬಂತು. ಟೇಪು ನಾನು ಸರಿಯಾಗಿಯೇ ಹಿಡಿದಿದ್ದೆ. ಅವಳ ಡೇಕೇರಿನ ಮಕ್ಕಳೆಲ್ಲ ತೆಳ್ಳಗೇ ಇದ್ದಾರೆ, ಆರೋಗ್ಯವಾಗಿದ್ದಾರೆ.

ಫ್ರಾಕು ಹೊಲಿಯುವ ಶ್ರಮ ತೆಗೆದುಕೊಳ್ಳಬೇಡಿ. ಇಲ್ಲಿ ಅಂಗಡಿಗಳಿವೆ.

ಬುಗುರಿಯ ಅಮ್ಮ

*

ಆಗಸ್ಟ್ 21

ಅಜ್ಜಿ,

ಈ ಪತ್ರವನ್ನು ಇವರಿಗೆ ಹೇಳದೆ ಬರೆಯುತ್ತಿದ್ದೇನೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನೀವು ಹೇಳಿದಂತೆ ಮಾಡಬಾರದು ಎಂದು ಹಟ ಹಿಡಿದಿದ್ದೆ. ಹೋದ ವಾರ ಯೋಚಿಸದೆಯೇ ಬಿಸ್ಕತ್ತೊಂದನ್ನು ಅವಳ ಕೈಗಿಟ್ಟೆ. ಅವಳು ಹೇಳುವ ಮೊದಲೇ. ಅವಳು ಅದನ್ನು ಬಿಸಿ ಕೆಂಡದ ಹಾಗೆ ನೆಲಕ್ಕೆ ಹಾಕಿದಳು. ಹಿಂದೆ ಸರಿದು ಕೈ ಎರಡೂ ತೊಡೆಯ ಮೇಲಿಟ್ಟುಕೊಂಡು “ಅಮ್ಮ” ಎಂದಳು. ಮತ್ತೆ “ಅಮ್ಮ.” ನಾನು ಹೂಂ ಎಂದು ತಲೆಯಾಡಿಸಿದ ಮೇಲೆ ಎತ್ತಿಕೊಂಡಳು. ಆ ಹೊತ್ತಿಗೂ, ಅಜ್ಜಿ, ಎಂಥ ಒಳ್ಳೆಯ ಅಭ್ಯಾಸ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಮರುದಿನ ಆಫೀಸಿನಲ್ಲಿ ಯಾರೋ ಗಿರಾಕಿ ಕೂತು ಮಾತಾಡುತ್ತಿದ್ದರೆ ನನಗೆ ಅವಳ ಕೈಗಳೇ ಕಾಣುತ್ತಿದ್ದವು. ಅರ್ಧಕ್ಕೇ ಎದ್ದು ಡೇಕೇರಿಗೆ ಹೋದೆ. ಯಾವತ್ತೂ ಅವರು ಹೇಳಿದ ಹೊತ್ತಿಗೇ ಹೋಗುತ್ತಿದ್ದವಳು, ಅಂದು ಮಧ್ಯಾಹ್ನದ ಊಟದ ಹೊತ್ತಿಗೆ ಹೋದೆ.

ಗಾಜಿನ ಬಾಗಿಲಿನ ಆಚೆ ಮಕ್ಕಳು ಸಾಲಾಗಿ ಕೂತಿದ್ದರು. ಬುಗುರಿಯ ಎದುರು ದೊಡ್ಡ ಟೀಚರ್ ಮಂಡಿಯೂರಿ ಕೂತಿದ್ದರು. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ನನ್ನ ಮದುವೆಯ ಫೋಟೋ. “ಯಾರಿದು?” ಎಂದು ಕೇಳುತ್ತಿದ್ದರು. ನಿಜಕ್ಕೂ ಮೆಲ್ಲಗಿನ ದನಿ. ಬುಗುರಿ ಸುಮ್ಮನಿದ್ದಳು. ತಟ್ಟೆ ಹಿಂದಕ್ಕೆ ಹೋಯಿತು. “ಯಾರಮ್ಮಾ ಇದು, ಹೇಳು ಪುಟ್ಟಾ.”

ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. ಬುಗುರಿ ನನ್ನನ್ನು ನೋಡಿದಳು, ನೋಡಿಯೂ ಕಣ್ಣು ತಿರುಗಿಸಿ ಫೋಟೋಕ್ಕೆ “ಅಮ್ಮ” ಎಂದಳು. ನಾನು ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಅವಳು ಬಾಯಿ ತೆರೆದಳು.

ನಾನು ಕಿರುಚಿದೆ ಎಂದು ಕಾಣುತ್ತದೆ. ದೊಡ್ಡ ಟೀಚರಿಗೆ ಆಶ್ಚರ್ಯವಾಯಿತು, ಹೆದರಿಕೆಯಲ್ಲ. “ಏನಾಯ್ತು ಮೇಡಂ? ನೀವೇ ತಾನೆ ಹೇಳಿದ್ದು? ಮೊದಲನೇ ವಾರ ಎಷ್ಟು ಹಟ ಗೊತ್ತಾ, ಫೋಟೋ ತೋರಿಸಿದ್ರೆ ‘ಹೊಸಾ’ ಅನ್ನೋಳು, ಇಲ್ಲಾ ಅಜ್ಜಿ ಬೇಕು ಅನ್ನೋಳು. ಹಸಿವಾದ್ರೆ ಮಾತು ತಾನಾಗೇ ಬರುತ್ತೆ. ನಾವು ಒಂದು ಏಟು ಹಾಕಿಲ್ಲ.” ಏನೂ ಮುಚ್ಚಿಡಲಿಲ್ಲ. ಹೆಮ್ಮೆಯಿಂದಲೇ ಹೇಳಿದರು. ಆ ಮೊದಲನೆಯ ವಾರ ಸಂಜೆ ನಾನು ಕರೆದುಕೊಂಡು ಬರುವಾಗ ಬುಗುರಿ ದಾರಿಯಲ್ಲೇ ನಿದ್ದೆ ಹೋಗುತ್ತಿದ್ದಳು. ಆಡಿ ಆಡಿ ಸುಸ್ತಾಗಿದ್ದಾಳೆ ಎಂದುಕೊಂಡಿದ್ದೆ.

ಮಗುವನ್ನು ಎತ್ತಿಕೊಂಡು ಬಂದುಬಿಟ್ಟೆ. ಸಂಜೆ ಇವರು, “ಬೇರೆ ಡೇಕೇರ್ ನೋಡಿದ್ರಾಯ್ತು. ಮಕ್ಕಳು ಬೇಗ ಮರೀತಾರೆ. ಅತ್ತೆಗೆ ಮಾತ್ರ ಬರೀಬೇಡ, ಬರೆದ್ರೆ ಮಗು ಕೈ ತಪ್ಪುತ್ತೆ” ಎಂದರು. ಆಮೇಲೆ ತಾವೇ ಊಟ ಮಾಡಿಸಲು ಕೂತರು. ಬುಗುರಿ ಇವರ ಮುಖ ನೋಡಿ “ಅಮ್ಮ” ಎಂದಳು. “ನಾನು ಅಪ್ಪ ಕಣೇ” ಎಂದರು. ಅವಳು ತಪ್ಪು ಮಾಡಿದವಳ ಹಾಗೆ ಬೇಗ ಬೇಗ, “ಅಮ್ಮ, ಅಮ್ಮ, ಅಮ್ಮ” ಎಂದಳು. ಇವರು ತಟ್ಟೆ ಅಲ್ಲೇ ಬಿಟ್ಟು ಬಾಲ್ಕನಿಗೆ ಹೋಗಿ ನಿಂತರು.

ನಾನು ರಜೆ ಹಾಕಿ ಮನೆಯಲ್ಲಿದ್ದೇನೆ. ನಾನು ಹತ್ತಿರ ಹೋದರೆ ಹಸಿವಿಲ್ಲದಿದ್ದರೂ ಆ ಮಾತು ಹೇಳಿ ಬಾಯಿ ತೆರೆಯುತ್ತಾಳೆ. ಅದಕ್ಕೇ ಹತ್ತಿರ ಹೋಗಲು ನನಗೆ ಭಯ. ಏನು ಮಾಡಬೇಕೋ ತಿಳಿಯುತ್ತಿಲ್ಲ. ನಿಮಗೆ ಹೇಳದಿದ್ದರೆ ಅವಳು ನನ್ನ ಬಳಿ ಉಳಿಯುತ್ತಾಳೆ. ಹೇಳಿದ್ದೇನೆ.

*

ಆಗಸ್ಟ್ 27

ಮಂಗಳವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಅವಳ ಬಟ್ಟೆ ಕಟ್ಟಿಡು. ಅಳಿಯನಿಗೆ ನಾನೇ ಹೇಳುತ್ತೇನೆ. ನೀನು ಆ ಹೊತ್ತಿಗೆ ಮನೆಯಲ್ಲಿರುತ್ತೀಯೋ ಇಲ್ಲವೋ ನಿನಗೆ ಬಿಟ್ಟದ್ದು.

ಅಜ್ಜಿ

*

ಅಕ್ಟೋಬರ್ 9

ಅಜ್ಜಿ,

ಅಂದು ನೀವು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೆಟ್ಟಿಲಿಳಿಯುವಾಗ ಅವಳು ನಿಮ್ಮ ಹೆಗಲ ಮೇಲಿಂದ ನನ್ನನ್ನು ನೋಡುತ್ತಿದ್ದಳು. ಕೈ ಬೀಸಿದೆ. ಅವಳು ಬೀಸಲಿಲ್ಲ.

ಇವರು ಕೆಲಸಕ್ಕೆ ಬೇಗ ಹೋಗುತ್ತಾರೆ, ತಡವಾಗಿ ಬರುತ್ತಾರೆ. ಊಟದ ಮೇಜಿನ ಮುಂದೆ ಇಬ್ಬರೂ ಒಟ್ಟಿಗೆ ಕೂತರೆ ಯಾರು ಮೊದಲು ತುತ್ತು ಎತ್ತುವುದು ಎಂದು ಕಾಯುತ್ತೇವೆ. ಮೊನ್ನೆ ಇವರು, “ನೀನು ಕೆಟ್ಟವಳಲ್ಲ” ಎಂದರು.

ಆ ಡೇಕೇರಿನ ಬಗ್ಗೆ ಇಲಾಖೆಗೆ ದೂರು ಬರೆದುಕೊಟ್ಟೆ. ಬಂದು ನೋಡಿದವರು ಶುಚಿಯಾಗಿದೆ, ಮಕ್ಕಳ ಮೈಮೇಲೆ ಗಾಯವಿಲ್ಲ ಎಂದು ಬರೆದುಕೊಂಡು ಹೋದರಂತೆ. ಆಫೀಸಿನ ಹುಡುಗಿಯೊಬ್ಬಳಿಗೆ ಅದೇ ಜಾಗವನ್ನು ನಾನೇ ಹೊಗಳಿ ಹೇಳಿದ್ದೆ. ಮಗನನ್ನು ಅಲ್ಲಿಂದ ಬಿಡಿಸು ಎಂದರೆ, “ಅಯ್ಯೋ, ಅವ್ನು ಈಗ ಎಷ್ಟು ಚೆನ್ನಾಗಿ ಊಟ ಮಾಡ್ತಾನೆ ಗೊತ್ತಾ!” ಎಂದಳು. ಅವಳ ಗಂಡನಿಗೂ ಹೇಳಿದೆ. ಈಗ ಇಬ್ಬರೂ ನನ್ನೊಡನೆ ಮಾತಾಡುವುದಿಲ್ಲ.

ನನಗೆ ಅವಳನ್ನು ನೋಡಬೇಕು ಎಂದು ಕೇಳುವ ಮುಖವಿಲ್ಲ. ಅವಳು ನನ್ನನ್ನು ಪೂರ್ತಿ ಮರೆಯಬಾರದು ಎಂಬ ಆಸೆ ಮಾತ್ರ ಇದೆ. ಅಮ್ಮ ಎನ್ನುವುದು ಬೇಡ. ‘ಹೊಸಾ’ ಎಂದರೆ ಸಾಕು. ನನ್ನದೊಂದು ಫೋಟೋ ಕಳಿಸಲೇ? ಮದುವೆಯದಲ್ಲ, ಬೇರೆ. ಮನೆಯ ಬಟ್ಟೆಯಲ್ಲಿರುವುದು.

ಅವಳು ಊಟ ಮಾಡುತ್ತಾಳೆಯೇ? ಅಷ್ಟು ಬರೆಯಿರಿ.

*

ಅಕ್ಟೋಬರ್ 18

ಹುಡುಗೀ,

ಊಟ ಮಾಡುತ್ತಾಳೆ. ಕೈಯಲ್ಲಿ ಕೊಡುವುದನ್ನು ಬಿಟ್ಟಿದ್ದೇನೆ. ಬ್ರೆಡ್ಡು, ಬಾಳೆಹಣ್ಣಿನ ಚೂರುಗಳನ್ನು ತಟ್ಟೆಯಲ್ಲಿ ಹಾಕಿ ನನ್ನ ಹಿಂದೆ ನೆಲದ ಮೇಲೆ ಇಟ್ಟು, ನಾನು ಬೆನ್ನು ಹಾಕಿ ಹೊಲಿಯುತ್ತಿರುತ್ತೇನೆ. ಯಾರೂ ನೋಡದಿದ್ದರೆ ಹೇಳದೆಯೇ ತಿನ್ನುತ್ತಾಳೆ. ಎದೆ ಮತ್ತೆ ಇಪ್ಪತ್ತಕ್ಕೆ ಬಂದಿದೆ. ಕಥೆ ಹೇಳುವುದಿಲ್ಲ. ಈಗ ನನ್ನನ್ನೂ ಏನೆಂದೂ ಕರೆಯುವುದಿಲ್ಲ, ಏನಾದರೂ ಬೇಕಿದ್ದರೆ ಬಂದು ಬಟ್ಟೆಯ ಅಂಚು ಎಳೆಯುತ್ತಾಳೆ.

ನಿನ್ನ ಮೇಲಿನ ಕೋಪ ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಶಿಸ್ತು ಬೇಕೆಂದು ಬರೆದವಳು ನಾನು, ಅದೂ ನೆನಪಿದೆ.

ಮೊನ್ನೆ ನಡೆದದ್ದು ಹೇಳುತ್ತೇನೆ. ಅಂಗಡಿಯ ಗೋಡೆಯ ಮೇಲೆ ನನ್ನ ಮಗಳ ಫೋಟೋ ಇದೆ. ಇವಳು ತೊಟ್ಟಿಲಲ್ಲಿದ್ದಾಗಿನಿಂದ ದಿನವೂ ಎತ್ತಿ ತೋರಿಸುತ್ತಿದ್ದೆ. “ನೋಡು, ಅಮ್ಮ. ಅನ್ನು, ಅಮ್ಮ.” ಒಂದು ದಿನವೂ ಅನ್ನಲಿಲ್ಲ. ಅವಳಿಗೆ ಅದು ಗೋಡೆಯ ಮೇಲಿನ ಯಾರೋ. ಮೊನ್ನೆ ಮಧ್ಯಾಹ್ನ ಬಟ್ಟೆ ಕತ್ತರಿಸುತ್ತಿದ್ದೆ, ನನ್ನ ಮಂದ ಕಿವಿಗೂ ಹಿಂದಿನಿಂದ “ಅಮ್ಮ” ಎಂದದ್ದು ಕೇಳಿತು. ತಿರುಗಿ ನೋಡಿದರೆ ಸ್ಟೂಲಿನ ಮೇಲೆ ಹತ್ತಿ ಆ ಫೋಟೋದ ಎದುರು ನಿಂತಿದ್ದಾಳೆ. ನನ್ನ ಮಗಳನ್ನೇ ನೋಡಿ ಹೇಳಿದ್ದಳು. ಕತ್ತರಿ ಕೆಳಗಿಟ್ಟೆ. ನಾನು ಸಾಯುವುದರೊಳಗೆ ಒಮ್ಮೆ ಕೇಳಬೇಕೆಂದಿದ್ದ ಮಾತು ಅದು.

ಹೇಳಿ ಬಾಯಿ ತೆರೆದು ನಿಂತಳು. ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ಕಾಯುತ್ತಿದ್ದಳು. ಏನೂ ಬರದಿದ್ದಾಗ ಇನ್ನೊಮ್ಮೆ ಹೇಳಿದಳು.

ಆ ಫೋಟೋವನ್ನು ಇಳಿಸಿ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯೊಳಗೆ ಇಟ್ಟಿದ್ದೇನೆ.

ನಿನ್ನ ಫೋಟೋ ಕಳಿಸಬೇಡ.

ಬುಗುರಿಯ ಅಜ್ಜಿ